ಹಿಡಿದು ಬಿಟ್ಟ ಮೀನು, ಗುರುತು ತಪ್ಪಿದ ಲೆಕ್ಕ

ಮೀನಿಗೆ ಗಾಳ ಹಾಕುವುದು, ದಡಕ್ಕೆ ಎಳೆಯುವುದು, ತೂಗುವುದು, ಫೋಟೊ ತೆಗೆಸಿಕೊಳ್ಳುವುದು, ಮತ್ತೆ ಹೊಳೆಗೇ ಬಿಡುವುದು. ಸಾರಿಗೆಂದು ಮೀನು ಹಿಡಿಯುವ ನಮ್ಮ ಕಡೆಯವರಿಗೆ ಇದು ಕೆಲಸವಿಲ್ಲದವರ ಆಟ ಅನ್ನಿಸಬಹುದು. ಆದರೆ ಮಂಡ್ಯ, ರಾಮನಗರ, ಚಾಮರಾಜನಗರದ ಕಾಡಂಚಿನಲ್ಲಿ ಹರಿಯುವ ಕಾವೇರಿಯಲ್ಲಿ ಈ ಆಟ ದಶಕಗಳ ಕಾಲ ನಡೆಯಿತು. ಕೆಲವು ಹಳ್ಳಿಗರಿಗೆ ಸಂಬಳ ಕೊಟ್ಟಿತು, ಹೊಳೆಗೆ ಕಾವಲು ಕೊಟ್ಟಿತು. 2012ರಲ್ಲಿ ನಿಂತಿತು. ಅದು ಮೀನನ್ನು ಉಳಿಸಿತೋ, ನೋಯಿಸಿತೋ ಎಂಬ ವಾದ ಮಾತ್ರ ನಿಂತಿಲ್ಲ. ಆ ಕತೆಯನ್ನು ಮೊದಲಿನಿಂದ ನೋಡೋಣ.

ಎತ್ತಿನ ಹಿಣಿಲಿನಂಥ ಬೆನ್ನು

ಮೀನಿನ ಹೆಸರು ಮಹಶೀರ್. ಬಿಳಿಮೀನು ಎಂದೂ ಕರೆಯುತ್ತಾರೆ. ಕಾಟ್ಲಾ, ರೋಹುಗಳ ಬಳಗಕ್ಕೇ ಸೇರಿದ್ದು. ಮಹಶೀರ್‌ಗಳಲ್ಲಿ ಹಲವು ಜಾತಿ ಇವೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಒಂದು ಜಾತಿಗೆ ತಲೆಯ ಹಿಂದೆ, ಎತ್ತಿನ ಹಿಣಿಲಿನ ಹಾಗೆ, ಡುಬ್ಬ ಎದ್ದಿರುತ್ತದೆ. ರೆಕ್ಕೆಗಳು ಕಿತ್ತಳೆ ಬಣ್ಣ. ಲೋಕಕ್ಕೆ ಕಾವೇರಿಯ ಹೆಸರು ಹೇಳಿದ ಮೀನು ಇದೇ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆ ಕುರಿತು ಒಂದು ಪುಸ್ತಕ ಬರೆದರು. ಅದು ಅಚ್ಚಾದದ್ದು ಮಂಗಳೂರಿನಲ್ಲಿ. ಅಲ್ಲಿಂದ ಮಹಶೀರ್ ಹುಚ್ಚು ದೊರೆಗಳಿಗೆ ಹತ್ತಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೊ ತೂಕದ ಮಹಶೀರ್ ಹಿಡಿದರು. ಮಹಾರಾಜರು ಹೊಡೆದ ಹುಲಿಗಳನ್ನು ಜೀವಂತವಿದ್ದ ಹಾಗೆ ನಿಲ್ಲಿಸಿಕೊಡುತ್ತಿದ್ದ ಮನೆತನ ಅವರದು. ಆಗ ಹಿಡಿದ ದೊಡ್ಡ ಮೀನೂ ಹುಲಿಯ ಹಾಗೆಯೇ. ಗೋಡೆಗೆ ಹೋಗುತ್ತಿತ್ತು, ಹೊಳೆಗೆ ವಾಪಸ್ ಹೋಗುತ್ತಿರಲಿಲ್ಲ.

ಗಾಳವೇ ಬೇಡ ಎಂದವರು

ಮಹಶೀರ್ ಉಳಿಸುವ ಕೆಲಸ ದೊರೆಗಳಿಂದ ಶುರುವಾಯಿತು ಎಂದುಕೊಳ್ಳಬೇಡಿ. ಶೃಂಗೇರಿಯ ತುಂಗೆಯಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಇವು ದೇವರ ಮೀನು. ಭಕ್ತರು ಪುರಿ ಎಸೆಯುತ್ತಾರೆ, ಮೀನು ಮೆಟ್ಟಿಲ ತನಕ ಬಂದು ತಿನ್ನುತ್ತದೆ. ಅಲ್ಲಿ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಕಾಯ್ದೆ ಹುಟ್ಟುವ ಮೊದಲೇ ಇದ್ದ ಕಟ್ಟುಪಾಡು ಅದು.

ಆದರೆ ನಂಬಿಕೆಯೊಂದೇ ಬೇಲಿಯಾದರೆ ಸಾಲದು. ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು. ರಾಶಿ ರಾಶಿ ದೇವರ ಮೀನು ಸತ್ತು ತೇಲಿದವು. ದೇವರ ಕಾವಲಿನ ಜೊತೆ ಮನುಷ್ಯರ ಕಾವಲೂ ಬೇಕು ಎಂದು ಆ ಊರು ಕಲಿತದ್ದು ಹೀಗೆ.

ರಾಗಿ ಮುದ್ದೆ, ತೆಪ್ಪ, ಕಾವಲು

ಸ್ವಾತಂತ್ರ್ಯದ ನಂತರ ದೊಡ್ಡ ಮಹಶೀರ್ ಮುಗಿದೇಹೋಯಿತು ಎಂದು ಗಾಳ ಹಾಕುವವರು ನಂಬಿದ್ದರು. 1977-78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಭಾರತದ ನದಿಗಳನ್ನು ಹುಡುಕುತ್ತಾ ಕಾವೇರಿಗೆ ಬಂದರು. ದೊಡ್ಡ ಮೀನು ಇನ್ನೂ ಇವೆ ಎಂಬ ಸುದ್ದಿ ಹೊರಗೆ ಹೋಯಿತು. 1972ರಲ್ಲೇ ಶುರುವಾಗಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಕ್ಯಾಂಪ್ ನಡೆಸಿತು. ನಿಯಮ ಒಂದೇ: ಹಿಡಿದ ಮೀನನ್ನು ಜೀವಂತ ಬಿಡಬೇಕು.

ಹೊರಗಿನಿಂದ ಬಂದವರಿಗೆ ಯಾವ ಮಡುವಿನಲ್ಲಿ ಮೀನಿದೆ, ತೆಪ್ಪ ಎಲ್ಲಿ ತಿರುಗಿಸಬೇಕು ಎಂದು ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ದಡದ ಹಳ್ಳಿಯವರಿಗೆ. ಗಾಳಕ್ಕೆ ಸಿಕ್ಕಿಸುವ ರಾಗಿ ಹಿಟ್ಟಿನ ಉಂಡೆ ಬೇಯಿಸುವ ಹದವೂ ಅವರ ಕೈಯಲ್ಲೇ ಇತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೂ ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ಸಿಡಿಮದ್ದು ಹಾಕಿದರೆ ಏನಾಗುತ್ತದೆ ಎಂದು ಹೊಳೆ ದಂಡೆಯವರಿಗೆ ಹೇಳಬೇಕಿಲ್ಲ. ದೊಡ್ಡದು, ಮರಿ, ತಿನ್ನುವ ಜಾತಿ, ತಿನ್ನದ ಜಾತಿ ಎಲ್ಲವೂ ಒಟ್ಟಿಗೆ ಸಾಯುತ್ತವೆ. ಅದನ್ನು ತಡೆಯಲು ದಿನವೂ ದಡದಲ್ಲಿ ಜನ ಇರಬೇಕು. ಗಾಳದ ಆಟದ ದುಡ್ಡು ಆ ಜನರನ್ನು ದಡದಲ್ಲಿ ಇರಿಸಿತು.

ನೋವಿನ ಪ್ರಶ್ನೆ

ಹಾಗೆಂದು ಗಾಳ ಚುಚ್ಚದೇ ಇರುತ್ತದೆಯೇ? ಮೀನಿಗೆ ನೋವೇ ಇಲ್ಲ ಎಂದು ಬಹಳ ಕಾಲ ಹೇಳುತ್ತಿದ್ದರು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ಮೇಲೆ ಪ್ರಯೋಗ ಮಾಡಿ, ಅದರ ಬಾಯಿಯ ಸುತ್ತ ನೋವು ಗ್ರಹಿಸುವ ನರಗಳಿವೆ ಎಂದು ತೋರಿಸಿದರು. ಮೀನಿನ ಅನುಭವ ನಮ್ಮ ನೋವಿನಂಥದ್ದೇ ಎನ್ನುವ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ದಣಿವಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಗಾಳಕ್ಕೆ ಸಿಕ್ಕ ಮೀನು ಎಷ್ಟು ಹೊತ್ತು ಸೆಣಸುತ್ತದೋ ಅಷ್ಟು ಸೋಲುತ್ತದೆ. ನೀರಿನಿಂದ ಹೊರಗೆ ಎತ್ತಿ ಹಿಡಿದರೆ ಉಸಿರು ಕಟ್ಟುತ್ತದೆ. ಕಾವೇರಿಯಲ್ಲಿ ಗಾಳದ ಕಾಲ ಬೇಸಿಗೆಯಲ್ಲಿ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಸ್ವಿಟ್ಜರ್ಲೆಂಡಿನಲ್ಲಿ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು 2009ರಿಂದ ಕಾನೂನು ಒಪ್ಪುವುದಿಲ್ಲ. ತಿನ್ನಲು ಹಿಡಿಯಿರಿ, ಆಟಕ್ಕೆ ನೋಯಿಸಬೇಡಿ ಎಂಬುದು ಅಲ್ಲಿನ ತರ್ಕ.

ನಮಗೆ ಇನ್ನೊಂದು ಮುಳ್ಳೂ ಕಾಣುತ್ತದೆ. ಕೂಳಿಗೆ ಬಲೆ ಬೀಸಿದರೆ ಅಪರಾಧ, ದುಡ್ಡು ಕೊಟ್ಟು ಗಾಳ ಹಾಕಿದರೆ ಕ್ರೀಡೆ. ಬೆಸ್ತರ ಮನೆಯವರು ಇದನ್ನು ಕೇಳಿದರೆ ಅವರಿಗೆ ಉತ್ತರ ಕೊಡುವುದು ಸುಲಭವಲ್ಲ. ಈ ಆಟಕ್ಕೆ ನ್ಯಾಯ ಸಿಗುವುದು ಒಂದೇ ಕಾರಣದಿಂದ: ಅದರಿಂದ ಮೀನಿಗೆ ನಿಜವಾಗಿ ಒಳ್ಳೆಯದಾಗಿದ್ದರೆ ಮಾತ್ರ. ಆಗಿತ್ತೇ?

ಲೆಕ್ಕ ಹೇಳಿದ್ದು, ಲೆಕ್ಕ ಮುಚ್ಚಿದ್ದು

ಇದಕ್ಕೆ ಕಾಗದದ ಮೇಲೇ ಉತ್ತರವಿದೆ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಸಂಶೋಧಕರು ಅದನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆ ಗಾಳ, 6,161 ಮಹಶೀರ್. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನು ಹೆಚ್ಚಾಗಿತ್ತು. ಸರಾಸರಿ ತೂಕ ಇಳಿದಿತ್ತು, ಅಂದರೆ ಮರಿಗಳು ಬೇಕಾದಷ್ಟು ಹುಟ್ಟುತ್ತಿದ್ದವು. ಕಾವಲು ಫಲ ಕೊಟ್ಟಿತ್ತು.

ಆದರೆ ಅದೇ ಪುಸ್ತಕವನ್ನು ಜಾತಿ ಬಿಡಿಸಿ ಓದಿದಾಗ ಬೇರೆಯದೇ ಕತೆ ಹೊರಬಂತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತ ಡುಬ್ಬದ ಮಹಶೀರ್ ಕುಸಿಯುತ್ತಾ ಬಂದು ಅಪರೂಪವಾಗಿತ್ತು. ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಆ ಜಾತಿಗೆ ವಿಜ್ಞಾನಿಗಳು ಮೊದಲು ಹೆಸರಿಟ್ಟದ್ದು 1839ರಲ್ಲಿ, ಪುಣೆ ಕಡೆಯ ಮುಳಾ-ಮುಠಾ ನದಿಯ ಮೀನು ನೋಡಿ. ಅದು ಕೃಷ್ಣೆಯ ಕಡೆಯ ನೀರು. ಲೋನಾವಳದಲ್ಲಿ ಟಾಟಾ ಸಂಸ್ಥೆಯವರು 1970ರ ದಶಕದಿಂದ ಅದರ ಮರಿ ಮಾಡಿದರು. ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಆ ಮರಿಗಳನ್ನು ಬೇರೆ ಬೇರೆ ನದಿಗಳಿಗೆ, ಕಾವೇರಿಗೂ, ಬಿಟ್ಟರು. ಬಂದ ಮೀನು ಮನೆಯ ಮೀನಿನ ಜಾಗ ಹಿಡಿದಿರಬೇಕು ಎಂಬುದು ಸಂಶೋಧಕರ ಬಲವಾದ ಅನುಮಾನ. ಅಣೆಕಟ್ಟು, ಕೊಳಕು ನೀರು, ಸಿಡಿಮದ್ದು ಮೊದಲೇ ಅದನ್ನು ಸೊರಗಿಸಿದ್ದವು.

ಎಲ್ಲಕ್ಕೂ ಒಂದೇ ಹೆಸರು ಬರೆದು ಕೂಡಿಸಿದ್ದರಿಂದ ಮೊತ್ತ ಏರುತ್ತಲೇ ಇತ್ತು, ಅದರೊಳಗೆ ಒಂದು ಜಾತಿ ಖಾಲಿಯಾಗುತ್ತಿತ್ತು. ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಕೂಡ ಖಚಿತವಾದದ್ದು 2018ರಲ್ಲಿ. ಕೇರಳದ ಪಾಂಬಾರ್‌ನಲ್ಲಿ 2007ರಲ್ಲಿ ಗುರುತಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ತಿಳಿಯಿತು. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಪಟ್ಟಿಯ ಕೊನೆಯ ಮೆಟ್ಟಿಲಿಗೆ ಸೇರಿಸಿದರು.

ನಿಷೇಧದ ನಂತರ

ಈ ದಡದ ಕಾಡು 1987ರಿಂದ ಅಭಯಾರಣ್ಯ. ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಸೇರುತ್ತದೆ. ಹಾಗಾಗಿ 2012ರಲ್ಲಿ ಕ್ಯಾಂಪುಗಳಲ್ಲಿ ಗಾಳ ನಿಂತಿತು. ಕಾನೂನಿನ ಪ್ರಕಾರ ಸರಿ. ಆದರೆ ಗಾಳದ ಜೊತೆಗೇ ಮೀನಿನ ಲೆಕ್ಕದ ಪುಸ್ತಕವೂ ಮುಚ್ಚಿತು, ಗಾಳದ ದುಡ್ಡಿನಲ್ಲಿ ನಡೆಯುತ್ತಿದ್ದ ಕಾವಲೂ ಹೋಯಿತು. ಕಳ್ಳಬೇಟೆ ಮರಳುತ್ತದೆ ಎಂದು ಸಂಶೋಧಕರು ಕಳವಳ ಬರೆದರು.

ನಾವು ಗಾಳ ಮತ್ತೆ ಬರಲಿ ಎನ್ನುತ್ತಿಲ್ಲ. ಅಳಿದುಳಿದ ಡುಬ್ಬದ ಮೀನಿಗೆ ಗಾಳದ ಒಂದು ಗಾಯವೂ ಹೆಚ್ಚೇ. ಆದರೆ ನಿಷೇಧದ ಬೋರ್ಡ್ ಮೀನು ಕಾಯುವುದಿಲ್ಲ, ಜನ ಕಾಯುತ್ತಾರೆ. ಹೊಳೆ ಗೊತ್ತಿರುವ ಹಳ್ಳಿಯವರಿಗೆ ಗಾಳವಿಲ್ಲದೆಯೂ ಆ ಕೆಲಸ, ಆ ಸಂಬಳ ಕೊಡಬಹುದು. ಮರಿ ಬಿಡುವ ಮೊದಲು ಯಾವ ನದಿಯ ಮರಿ ಎಂದು ಕೇಳಲೇಬೇಕು.

ಕಾವೇರಿ, ಕಬಿನಿ, ಮೋಯಾರ್ ದಡದ ಓದುಗರೇ, ನಿಮ್ಮೂರಿನ ಬಲೆಗೆ ಎಂದಾದರೂ ಬೆನ್ನು ಡುಬ್ಬವಾದ, ಕಿತ್ತಳೆ ರೆಕ್ಕೆಯ ಮೀನು ಸಿಕ್ಕರೆ ನೀರಿನಲ್ಲೇ ಇಟ್ಟು ಒಂದು ಫೋಟೊ ತೆಗೆದು, ತಕ್ಷಣ ಬಿಟ್ಟುಬಿಡಿ. ಎಲ್ಲಿ, ಯಾವ ದಿನ ಎಂದು ಬರೆದಿಟ್ಟು ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿ. ಬರೆಯುವಾಗ ಬರೀ ಮಹಶೀರ್ ಎನ್ನಬೇಡಿ. ರೆಕ್ಕೆಯ ಬಣ್ಣವನ್ನೂ ಬರೆಯಿರಿ.