ಅಳಿಸಿದ್ದನ್ನು ಎಲ್ಲಿ ಹಿಡಿಯಬೇಕು?

ನನ್ನ ಲ್ಯಾಪ್‌ಟಾಪಿನಲ್ಲಿ ‘ಆರ್‌ಎಂ’ ಅಂತ ಟೈಪ್ ಮಾಡಿದರೆ ಫೈಲು ಅಳಿಸಿಹೋಗದೆ ಕಸದ ಫೋಲ್ಡರಿಗೆ ಹೋಗಲಿ ಅಂತ ಒಂದು ಏಲಿಯಾಸ್ ಮಾಡಿಟ್ಟುಕೊಂಡಿದ್ದೆ. ಒಂದು ರಾತ್ರಿ ಆಫೀಸಿನ ಸರ್ವರಿನಲ್ಲಿ ಕೆಲಸ ಮಾಡ್ತಾ ಅದೇ ಧೈರ್ಯದಲ್ಲಿ ಎಂಟರ್ ಒತ್ತಿದೆ. ಅಲ್ಲಿ ಏಲಿಯಾಸ್ ಇರಲಿಲ್ಲ, ಕೈಗೆ ಅಭ್ಯಾಸ ಮಾತ್ರ ಇತ್ತು. ಮೂರು ವಾರದ ಕೆಲಸ ಮಾಯ.

ಆ ರಾತ್ರಿ ನಿದ್ದೆ ಬರದೆ ಹುಡುಕುತ್ತಾ ಕೂತಾಗ ಗೊತ್ತಾಯ್ತು, ಇದು ಯುನಿಕ್ಸಿನಷ್ಟೇ ಹಳೆಯ ತಲೆನೋವು. ಯುನಿಕ್ಸಿನಲ್ಲಿ ಆರ್‌ಎಂ ಮಾಡುವುದಿಷ್ಟೇ: ಕರ್ನಲ್‌ಗೆ ‘ಅನ್‌ಲಿಂಕ್’ ಮಾಡು ಅಂತ ಹೇಳುತ್ತೆ. ಡೈರೆಕ್ಟರಿಯಿಂದ ಹೆಸರು ಹೋಗುತ್ತೆ. ಕೊನೆಯ ಹೆಸರೂ ಹೋಗಿ, ಯಾವ ಪ್ರೋಗ್ರಾಮೂ ಆ ಫೈಲನ್ನು ತೆರೆದಿಟ್ಟುಕೊಂಡಿಲ್ಲ ಅಂದರೆ ಅದರ ಜಾಗ ಖಾಲಿ. ಹಾಗಾದರೆ ತಡೆಯೋದು ಎಲ್ಲಿ?

ಮೊದಲ ಉತ್ತರ, ಕಮಾಂಡಿನಲ್ಲಿ. ಡಿಇಸಿ ಕಂಪನಿಯ ಟಾಪ್ಸ್-20ರಲ್ಲಿ ‘ಡಿಲೀಟ್’ ಅಂದರೆ ಬರೀ ಗುರುತು. ‘ಎಕ್ಸ್‌ಪಂಜ್’ ಮಾಡುವವರೆಗೂ ಫೈಲು ವಾಪಸ್ ಸಿಗುತ್ತಿತ್ತು. 1983ರಲ್ಲಿ ಶುರುವಾದ ಎಂಐಟಿಯ ಅಥೀನಾ ಯೋಜನೆಯಲ್ಲಿ ಯುನಿಕ್ಸಿಗೂ ಇಂಥದ್ದೇ ಕಮಾಂಡುಗಳು ಬಂದವು. ಅಲ್ಲಿಯ ‘ಡಿಲೀಟ್’ ಫೈಲಿನ ಹೆಸರನ್ನಷ್ಟೇ ಬದಲಿಸಿ ಬಚ್ಚಿಡುತ್ತಿತ್ತು. ಆದರೆ ಮರೆತು ಆರ್‌ಎಂ ಒತ್ತಿದವರಿಗೆ ರಕ್ಷಣೆ ಇಲ್ಲ. ನನ್ನ ಏಲಿಯಾಸ್ ಕಥೆಯೂ ಅದೇ.

ಎರಡನೆಯದು, ಲೈಬ್ರರಿಯಲ್ಲಿ. ಲಿನಕ್ಸಿನ ‘ಲಿಬ್‌ಟ್ರ್ಯಾಶ್’ ಪ್ರೋಗ್ರಾಮುಗಳ ಅನ್‌ಲಿಂಕ್ ಕರೆಯನ್ನು ದಾರಿಯಲ್ಲೇ ಹಿಡಿದು ಫೈಲನ್ನು ಪಕ್ಕಕ್ಕಿಡುತ್ತೆ. ಒಳ್ಳೇ ಉಪಾಯ. ಆದರೆ ಲೈಬ್ರರಿಯನ್ನು ತನ್ನೊಳಗೇ ಸೇರಿಸಿಕೊಂಡ ಪ್ರೋಗ್ರಾಮು ಅದರ ಕಣ್ಣಿಗೆ ಬೀಳೋದಿಲ್ಲ.

ಮೂರನೆಯದು, ಫೈಲ್ ಸಿಸ್ಟಮ್ಮಿನಲ್ಲಿ. ಇಲ್ಲಿ ಯಾರೂ ತಪ್ಪಿಸಿಕೊಳ್ಳೋಕಾಗಲ್ಲ. ಲಿನಕ್ಸಿನ ಎಕ್ಸ್‌ಟ್2 ಫೈಲಿಗೆ ‘ಇದನ್ನು ವಾಪಸ್ ತರುವಂತಿರಲಿ’ ಅಂತ ಗುರುತು ಹಾಕೋಕೆ ಜಾಗವನ್ನೇನೋ ಇಟ್ಟಿತು. ಅದರಂತೆ ನಡೆಯುವ ಕೋಡ್ ಮಾತ್ರ ಅದರಲ್ಲಿಲ್ಲ. ಅದೃಷ್ಟವಿದ್ದರೆ ಎಕ್ಸ್‌ಟ್2ರಲ್ಲಿ ಅಳಿಸಿದ್ದನ್ನು ಕೆದಕಿ ತೆಗೆಯಬಹುದಿತ್ತು. ಆಮೇಲೆ ಬಂದ ಎಕ್ಸ್‌ಟ್3, ಮಧ್ಯದಲ್ಲಿ ಕರೆಂಟ್ ಹೋದರೂ ಅಳಿಸುವ ಕೆಲಸ ಸರಿಯಾಗಿ ಮುಗಿಯಲಿ ಅಂತ ಡಿಸ್ಕಿನ ವಿಳಾಸಗಳನ್ನೇ ಸೊನ್ನೆ ಮಾಡಿಬಿಟ್ಟಿತು. ಅಲ್ಲದೆ ಪ್ರೋಗ್ರಾಮುಗಳು ತಾವೇ ಸೃಷ್ಟಿಸಿ ಅಳಿಸುವ ಸಾವಿರಾರು ತಾತ್ಕಾಲಿಕ ಫೈಲುಗಳಲ್ಲಿ ನಮಗೆ ಯಾವುದು ಮುಖ್ಯ ಅಂತ ಕರ್ನಲ್‌ಗೆ ಹೇಗೆ ಗೊತ್ತಾಗಬೇಕು ಹೇಳಿ?

ಬೇರೆ ದಾರಿ ಸಿಕ್ಕಿದ್ದು ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸಿನಲ್ಲೇ. ಅಲ್ಲಿಯ ಪ್ಲ್ಯಾನ್ 9 ಸಿಸ್ಟಮ್ ದಿನಕ್ಕೊಮ್ಮೆ ಇಡೀ ಫೈಲ್ ಸಿಸ್ಟಮ್ಮಿನ ಚಿತ್ರ ಉಳಿಸಿಡುತ್ತಿತ್ತು. ನಿನ್ನೆಯದನ್ನು ನೋಡೋಕೆ ‘ಯೆಸ್ಟರ್‌ಡೇ’ ಅನ್ನೋ ಕಮಾಂಡೇ ಇತ್ತು. 2005ರಲ್ಲಿ ಸನ್ ಕಂಪನಿ ಹೊರಬಿಟ್ಟ ಜಡ್‌ಎಫ್‌ಎಸ್ ಇಂಥ ಸ್ನ್ಯಾಪ್‌ಶಾಟನ್ನು ಸೊಲಾರಿಸಿಗೆ ತಂದಿತು, ಆಮೇಲೆ ಅದು ಫ್ರೀಬಿಎಸ್‌ಡಿಗೂ ಹೋಯಿತು. ಇಲ್ಲಿ ಅಳಿಸುವ ಕೈಯನ್ನು ಯಾರೂ ಹಿಡಿಯಲ್ಲ, ಹಿಂದಿನ ಸ್ಥಿತಿಯನ್ನು ಕಾಪಾಡ್ತಾರೆ ಅಷ್ಟೇ. ಹಾಗಾಗಿ ಅಳಿಸಿದ್ದಷ್ಟೇ ಅಲ್ಲ, ಮೇಲೆ ಬರೆದು ಕೆಡಿಸಿದ್ದೂ ಸಿಗುತ್ತೆ. ಎರಡು ಸ್ನ್ಯಾಪ್‌ಶಾಟುಗಳ ನಡುವೆ ಹುಟ್ಟಿ ಸತ್ತ ಫೈಲು ಮಾತ್ರ ಹೋದಂತೆ.

ಮರುದಿನ ಬೆಳಗ್ಗೆ ಅಡ್ಮಿನ್ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತೆ. ಸರ್ವರಿನ ಡಿಸ್ಕು ಜಡ್‌ಎಫ್‌ಎಸ್‌ನಲ್ಲಿತ್ತು, ಸಂಜೆ ಆರಕ್ಕೆ ತೆಗೆದ ಸ್ನ್ಯಾಪ್‌ಶಾಟ್ ಇತ್ತು. ಐದು ಗಂಟೆಯ ಕೆಲಸ ಮಾತ್ರ ಮತ್ತೆ ಮಾಡಬೇಕಾಯ್ತು. ಮನೆಗೆ ಬಂದವನು ಮೊದಲು ಆ ಏಲಿಯಾಸ್ ತೆಗೆದುಹಾಕಿದೆ.