ಬೇರೆಯವರು ಆಡಲೆಂದು ಬರೆದ ಕಥೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಪುಸ್ತಕವೆಂದರೆ ಮೊದಲಿನಿಂದ ಕೊನೆಯವರೆಗೆ ಓದುವ ವಸ್ತು. ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನ ತೆಳು ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟು, "ಸಾರ್, ಇದು ಸಾಹಿತ್ಯವೋ ಅಲ್ಲವೋ ನೀವೇ ಹೇಳಿ" ಎಂದ. ರಾತ್ರಿ ಕುಳಿತು ಓದಿದೆ. ಗುಹೆಗಳು, ಗುಹೆಯ ಕೋಣೆಗಳಿಗೆ ಸಂಖ್ಯೆಗಳು, ಸಂಖ್ಯೆಯ ಕೆಳಗೆ ಇಷ್ಟು ರಾಕ್ಷಸರು, ಇಷ್ಟು ನಾಣ್ಯ. ನಾಯಕನೆಂಬವನಿಲ್ಲ, ಇರುವ ಮನುಷ್ಯರಿಗೂ ಹೆಸರಿಲ್ಲ, ಮುಕ್ತಾಯವಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಪುಸ್ತಕವನ್ನು ಹಿಂದಿರುಗಿಸಿ, "ಇದು ಉಗ್ರಾಣದ ಲೆಕ್ಕದ ಪುಸ್ತಕವಯ್ಯಾ" ಎಂದೆ. ಅವನು ನಕ್ಕು, "ಭಾನುವಾರ ಮನೆಗೆ ಬನ್ನಿ ಸಾರ್, ಆಡುವುದನ್ನು ನೋಡಿ ಆಮೇಲೆ ಹೇಳಿ" ಎಂದ. ಹೋದೆ. ಮಧ್ಯಾಹ್ನ ಎರಡಕ್ಕೆ ಕುಳಿತವರು ರಾತ್ರಿ ಒಂಬತ್ತಕ್ಕೆ ಎದ್ದೆವು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಂದಿನಿಂದ ಈ ಜಾತಿಯ ಪುಸ್ತಕಗಳ ಚರಿತ್ರೆಯನ್ನು ಹುಡುಕಿ ಓದಿದ್ದೇನೆ. ಅದರಲ್ಲಿ ಸ್ವಲ್ಪವನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಆಟದ ವಿಷಯ. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಸೂತ್ರಧಾರ. ಉಳಿದವರು ಒಂದೊಂದು ಪಾತ್ರ: ಒಬ್ಬ ಕತ್ತಿಯ ವೀರ, ಒಬ್ಬಳು ಮಂತ್ರವಾದಿನಿ, ಇನ್ನೊಬ್ಬ ಕಳ್ಳ. "ಎದುರಿಗೆ ಗುಹೆಯ ಬಾಯಿ, ಒಳಗಿನಿಂದ ಹೊಗೆಯ ವಾಸನೆ ಬರುತ್ತಿದೆ, ಏನು ಮಾಡುತ್ತೀರಿ?" ಎಂದು ಸೂತ್ರಧಾರ ಕೇಳುತ್ತಾನೆ. ಅವರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಹೀಗೆ ಮಾತಿನಲ್ಲೇ ಕಥೆ ಬೆಳೆಯುತ್ತದೆ. ಸೂತ್ರಧಾರನ ಕೈಯಲ್ಲಿರುವ ಮುದ್ರಿತ ಪುಸ್ತಕಕ್ಕೆ ಅವರು 'ಮಾಡ್ಯೂಲ್' ಎನ್ನುತ್ತಾರೆ. ನಾವು ಪ್ರಸಂಗವೆನ್ನಬಹುದು.

ಪ್ರಸಂಗವೆಂಬ ಮಾತನ್ನು ಬೇಕೆಂದೇ ಬಳಸಿದೆ. ತಾಳಮದ್ದಳೆಯ ಪ್ರಸಂಗದಲ್ಲಿ ಕವಿ ಬರೆದಿಟ್ಟದ್ದು ಪದ್ಯಗಳನ್ನು ಮಾತ್ರ. ಅರ್ಥಧಾರಿಯ ಮಾತು ಆ ರಾತ್ರಿಯೇ ಹುಟ್ಟಬೇಕು. ಪುಸ್ತಕವನ್ನು ಓದಿ ಆಟ ಹೇಗಿತ್ತೆಂದು ತಿಳಿಯಲಾಗದು. ಆದರೆ ಒಂದು ವ್ಯತ್ಯಾಸವುಂಟು. ಅರ್ಥಧಾರಿ ಎಷ್ಟೇ ವಾದ ಮಾಡಲಿ, ಕರ್ಣ ಕೊನೆಗೆ ಸಾಯಲೇಬೇಕು. ಈ ಆಟದಲ್ಲಿ ಅದೂ ನಿಶ್ಚಯವಿಲ್ಲ. ಹಾಗಿದ್ದ ಮೇಲೆ ಪ್ರಸಂಗ ಬರೆಯುವವನು ಬರೆಯಬೇಕಾದ್ದೇನು? ಸುಮಾರು 50 ವರ್ಷಗಳಿಂದ ಈ ಪುಸ್ತಕಗಳನ್ನು ಬರೆದವರೆಲ್ಲ ಎದುರಿಸಿದ ಪ್ರಶ್ನೆ ಇದೇ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಟಿಎಸ್‌ಆರ್ ಎಂಬ ಪುಟ್ಟ ಕಂಪನಿ ಇದನ್ನು ಪ್ರಕಟಿಸಿತು: ಒಂದು ಪೆಟ್ಟಿಗೆ, ಅದರಲ್ಲಿ ಮೂರು ಪುಸ್ತಿಕೆ, ಮೊದಲ ಮುದ್ರಣ 1,000 ಪ್ರತಿ. ಕರ್ತೃಗಳು ಇಬ್ಬರು. ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯ ನೌಕರಿ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಜೋಡು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದವರು. ಡೇವ್ ಆರ್ನೆಸನ್ ಮಿನೆಸೋಟದವರು. ಗೊಂಬೆ ಸೈನ್ಯಗಳ ಯುದ್ಧದಾಟದಿಂದ ಹೊರಟು, ಒಬ್ಬ ಆಟಗಾರನಿಗೆ ಒಬ್ಬನೇ ವೀರ ಎಂಬ ಬಗೆಯನ್ನು 1971ರ ಸುಮಾರಿಗೆ ತಮ್ಮ ಗೆಳೆಯರ ಗುಂಪಿನಲ್ಲಿ ಆಡಿ ನೋಡಿದವರು.

ಆ ಪೆಟ್ಟಿಗೆಯಲ್ಲಿ ನಿಯಮಗಳಿದ್ದವು, ಪ್ರಸಂಗವಿರಲಿಲ್ಲ. ಮೂರನೆಯ ಪುಸ್ತಿಕೆಯ ಕೊನೆಯಲ್ಲಿ ಕರ್ತೃಗಳು, ಕಲ್ಪಿಸಿಕೊಳ್ಳುವ ಕೆಲಸ ನಿಮ್ಮದು, ಅದನ್ನೂ ನಾವೇ ಏಕೆ ಮಾಡಬೇಕು ಎಂಬರ್ಥದ ಮಾತನ್ನೇ ಬರೆದಿದ್ದರು. ಬೇರೊಬ್ಬರ ಕಲ್ಪನೆಯನ್ನು ದುಡ್ಡು ಕೊಟ್ಟು ಯಾರು ಕೊಂಡಾರು ಎಂಬ ಭಾವನೆ. ಆದರೆ ಎಲ್ಲರಿಗೂ ಪುರುಸೊತ್ತಿರುವುದಿಲ್ಲ. ಇನ್ನೊಬ್ಬರು ಹೇಗೆ ಮಾಡುತ್ತಾರೆಂದು ನೋಡುವ ಕುತೂಹಲವೂ ಇರುತ್ತದೆ. 1975ರಲ್ಲಿ ಆರ್ನೆಸನ್ನರ 'ಬ್ಲ್ಯಾಕ್‌ಮೂರ್' ಎಂಬ ಅನುಬಂಧ ಗ್ರಂಥದೊಳಗೆ 'ಟೆಂಪಲ್ ಆಫ್ ದಿ ಫ್ರಾಗ್' ಬಂತು. ಅಚ್ಚಾದ ಮೊದಲ ಪ್ರಸಂಗ ಇದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮರುವರ್ಷ ವೀ ವಾರಿಯರ್ಸ್ ಎಂಬ ಸಣ್ಣ ಪ್ರಕಾಶಕರು 'ಪ್ಯಾಲೆಸ್ ಆಫ್ ದಿ ವ್ಯಾಂಪೈರ್ ಕ್ವೀನ್' ತಂದರು. ಅದು ಬಹುಮಟ್ಟಿಗೆ ನಕ್ಷೆ ಮತ್ತು ಪಟ್ಟಿ. ನಾನು ಉಗ್ರಾಣದ ಲೆಕ್ಕವೆಂದದ್ದು ಅದಕ್ಕಾದರೆ ಸರಿಯಾಗಿ ಒಪ್ಪುತ್ತಿತ್ತು.

ಪ್ರಸಂಗವನ್ನು ಪೂರ್ತಿಯಾಗಿ ಬರೆದಿಡುವ ಪದ್ಧತಿಯನ್ನು ಬಲಗೊಳಿಸಿದ್ದು ಸ್ಪರ್ಧೆಗಳು. ಆಟಗಾರರ ಸಮ್ಮೇಳನದಲ್ಲಿ ಹತ್ತಾರು ತಂಡಗಳು ಒಂದೇ ಕಥೆಯನ್ನು ಆಡಿ, ಯಾರು ಹೆಚ್ಚು ಮುಂದುವರಿದರೆಂದು ತೀರ್ಪಾಗಬೇಕು. ಸೂತ್ರಧಾರರು ಬೇರೆ ಬೇರೆಯಾದರೂ ಗುಹೆ ಒಂದೇ ಆಗಿರಬೇಕಷ್ಟೆ. ಗೈಗ್ಯಾಕ್ಸರ 'ಟೂಂಬ್ ಆಫ್ ಹಾರರ್ಸ್' 1975ರ ಒರಿಜಿನ್ಸ್ ಸಮ್ಮೇಳನದಲ್ಲಿ ಆಡಿಸಿದ್ದು, ಅಚ್ಚಾದದ್ದು 1978ರಲ್ಲಿ. ಹೆಜ್ಜೆಗೊಂದು ಮೃತ್ಯುವಿರುವ ಈ ಸಮಾಧಿಯನ್ನು ಹೊಗಳುವವರು ಬಹಳ. ನನಗಂತೂ ಅದು ಒಂದೊಂದೇ ಉತ್ತರವಿರುವ ಪ್ರಶ್ನೆಪತ್ರಿಕೆಯ ಹಾಗೆ ಕಂಡಿತು. ಮೂವತ್ತು ಮಂದಿಯ ತರಗತಿಯಲ್ಲಿ ಇಬ್ಬರು ಪಾಸಾದರೆ ಪತ್ರಿಕೆ ತಯಾರಿಸಿದವನಿಗೆ ಮೆಚ್ಚುಗೆ ಹೇಳುವುದುಂಟೆ? ಆದರೆ ಆಟಗಾರರಿಗೆ ತೋರಿಸಲೆಂದು ಚಿತ್ರಗಳ ಪುಸ್ತಿಕೆಯೊಂದನ್ನು ಜೊತೆಗಿಟ್ಟದ್ದು ಒಳ್ಳೆಯ ಬುದ್ಧಿ. ಹತ್ತು ವಾಕ್ಯ ಉಳಿಯುತ್ತದೆ.

ಅದೇ 1978ರಲ್ಲಿ ಗೈಗ್ಯಾಕ್ಸರು ದೈತ್ಯರ ಮೇಲೆ ಬರೆದ ಮೂರು ಪ್ರಸಂಗಗಳು ಬಂದವು. ಮೊದಲನೆಯದರಲ್ಲಿ ದೈತ್ಯರ ಮರದ ಕೋಟೆ. ಒಳಗೆ ನಾಯಕನ ಔತಣ ನಡೆದಿದೆ, ಬಾಗಿಲು ಕಾಯುವವರು ಕುಡಿದು ಬಿದ್ದಿದ್ದಾರೆ. ಇಷ್ಟು ಹೇಳಿದರೆ ಸಾಕು, ಆಟಗಾರರ ತಲೆ ಓಡತೊಡಗುತ್ತದೆ. ಮೆಲ್ಲನೆ ನುಗ್ಗೋಣವೆ? ಬೆಂಕಿ ಹಚ್ಚೋಣವೆ? ವೇಷ ಹಾಕೋಣವೆ? ಲೇಖಕ ಯಾವ ದಾರಿಯನ್ನೂ ಹಿಡಿಯಿರೆಂದು ಹೇಳುವುದಿಲ್ಲ. ಪುಸ್ತಕದ ಹೊದಿಕೆ ಬಿಡಿಯಾಗಿದ್ದು ಅದರ ಒಳಮೈಯಲ್ಲಿ ನೀಲಿ ಬಣ್ಣದ ನಕ್ಷೆಗಳಿವೆ. ಹೊದಿಕೆಯನ್ನು ತೆರೆಯ ಹಾಗೆ ನಿಲ್ಲಿಸಿಕೊಂಡರೆ ಸೂತ್ರಧಾರನಿಗೆ ನಕ್ಷೆ ಕಾಣುತ್ತದೆ, ಆಟಗಾರರಿಗೆ ಹೊರಗಿನ ಚಿತ್ರ ಮಾತ್ರ. ಈ ಬರವಣಿಗೆ ಅಡುಗೆಮನೆಯ ಸಾಮಾನಿನಂತೆ ಕೈಗೆ ಒದಗಬೇಕಾದದ್ದೆಂಬ ಅರಿವು ಇಲ್ಲಿದೆ. ನಾಲ್ಕು ಜನ ಬಾಯಿಬಿಟ್ಟು ಕಾಯುತ್ತಿರುವಾಗ, ಬೇಕಾದ ಸಂಗತಿ ಮೂರನೆಯ ಪ್ಯಾರಾದ ನಡುವೆ ಅಡಗಿದ್ದರೆ ಎಷ್ಟು ಸೊಗಸಾದ ಗದ್ಯವಾದರೇನು!

ನಾನು ಭಾನುವಾರ ನೋಡಿದ ಆಟ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್'. ಹೊಸಬರಿಗೆಂದು ಗೈಗ್ಯಾಕ್ಸರೇ ಬರೆದದ್ದು. ಕಲಿಯುವವರ ಪೆಟ್ಟಿಗೆಯಲ್ಲೇ ಸೇರಿಸಿ ಮಾರಿದ್ದರಿಂದ 1980ರ ದಶಕದ ಆರಂಭದಲ್ಲಿ ಎಷ್ಟೋ ಮನೆಗಳಿಗೆ ಇದೇ ಮೊದಲ ಪ್ರಸಂಗವಾಯಿತು. ನಾಡಿನ ಅಂಚಿನಲ್ಲೊಂದು ಕೋಟೆ. ಸ್ವಲ್ಪ ದೂರದ ಕಮರಿಯಲ್ಲಿ ಗುಹೆಗಳು. ಒಂದೊಂದರಲ್ಲಿ ಒಂದೊಂದು ಜಾತಿಯ ದುಷ್ಟರು, ಛತ್ರದ ಕೋಣೆಗಳಲ್ಲಿ ಇಳಿದುಕೊಂಡವರಂತೆ ಅಕ್ಕಪಕ್ಕ. ಇದು ನಂಬುವ ಮಾತಲ್ಲ, ಹೌದು. ಆದರೆ ಈ ನೆರೆಹೊರೆಯವರಿಗೆ ಪರಸ್ಪರ ಸ್ನೇಹವುಂಟು, ಹಗೆಯುಂಟು, ವ್ಯವಹಾರವುಂಟು. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು ಕಷ್ಟ ಬಂದಾಗ ಪಕ್ಕದ ಗುಹೆಯ ಓಗರ್ ಎಂಬವನಿಗೆ 250 ಚಿನ್ನದ ನಾಣ್ಯದ ಚೀಲವನ್ನು ಎಸೆಯುತ್ತಾರೆ. ಬಕಾಸುರನ ಜಾತಿಯ ಆ ಪ್ರಾಣಿ ಎದ್ದು ಬಂದು ಅವರ ಪರವಾಗಿ ಹೊಡೆದಾಡುತ್ತದೆ.

ನಮ್ಮ ಹುಡುಗರು ಮೊದಲ ಸಲ ಅದರ ಗದೆಯ ಪೆಟ್ಟು ತಿಂದು ಓಡಿದರು. ಕಾಫಿ ಕುಡಿದು ಬಂದ ಮೇಲೆ, ಅದುವರೆಗೂ ಹೆಚ್ಚು ಮಾತನಾಡದಿದ್ದ, ಕಳ್ಳನ ಪಾತ್ರದ ಹುಡುಗ, "ನಾನೊಬ್ಬನೇ ಹೋಗಿ ಓಗರ್ ಜೊತೆ ಮಾತನಾಡುತ್ತೇನೆ" ಎಂದ. ಹೋಗಿ ಹೇಳಿದ್ದೇನು? ಗಾಬ್ಲಿನ್ನರು ನಿನಗೆ ಕೊಟ್ಟ ಚೀಲದಲ್ಲಿ ಅರ್ಧ ಹಿತ್ತಾಳೆಯಂತೆ, ಊರೆಲ್ಲ ನಗುತ್ತಿದೆ, ಎಂದು! ದಾಳ ಉರುಳಿತು, ಓಗರ್ ನಂಬಿತು, ಮುಂದಿನ ಒಂದು ಗಂಟೆ ಆಟಗಾರರು ಕತ್ತಿಯನ್ನೇ ಎತ್ತಲಿಲ್ಲ. ಮನೆಗೆ ಬಂದು ಪುಸ್ತಕವನ್ನು ಮತ್ತೆ ತೆರೆದು ನೋಡಿದೆ. ಹಿತ್ತಾಳೆಯ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಆದರೆ ಚೀಲವಿದೆ. ನಾನು ಓದಿದಾಗ ಅದು ನನಗೆ ಬರಿಯ ಲೆಕ್ಕವಾಗಿ ಕಂಡಿತ್ತು.

ಒಳ್ಳೆಯ ಪ್ರಸಂಗದ ಗುಟ್ಟು ಹೀಗೆ ಕೈಗೆ ಸಿಗುವ ವಸ್ತುಗಳಲ್ಲಿ, ಸಂಬಂಧಗಳಲ್ಲಿ ಇದೆಯೆಂದು ನನಗೆ ತೋರುತ್ತದೆ. ಲೇಖಕ ಘಟನೆಗಳನ್ನು ಬರೆದರೆ ಅವು ಒಂದೇ ಸಲ ನಡೆಯುತ್ತವೆ. ಯಾರಿಗೆ ಯಾರಿಂದ ಏನು ಬೇಕಾಗಿದೆ ಎಂದು ಬರೆದರೆ ಪ್ರತಿ ಮನೆಯಲ್ಲೂ ಬೇರೆ ಘಟನೆ ಹುಟ್ಟುತ್ತದೆ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಆ ಗುಹೆಗಳಲ್ಲಿ ಹೆಂಗಸರು ಮಕ್ಕಳ ಲೆಕ್ಕವೂ ಇದೆ. ಅವರನ್ನು ಏನು ಮಾಡುವುದೆಂದು ಮಂತ್ರವಾದಿನಿಯ ಪಾತ್ರದ ಹುಡುಗಿ ಕೇಳಿದಾಗ ಮೇಜಿನ ಸುತ್ತ ಮೌನ ಕವಿಯಿತು. ಸೂತ್ರಧಾರ ಪುಟ ತಿರುವಿದ, ಉತ್ತರವಿರಲಿಲ್ಲ. ಲೇಖಕ ಬೇಕೆಂದು ಬಿಟ್ಟ ಜಾಗವೋ, ಯೋಚಿಸದೆ ಬಿಟ್ಟದ್ದೋ ಹೇಳಲಾರೆ. ಎಲ್ಲ ಖಾಲಿ ಜಾಗವೂ ಔದಾರ್ಯವಲ್ಲ.

ನಕ್ಷೆಯ ವಿಷಯದಲ್ಲಿ ಮೇಲ್ಪಂಕ್ತಿ ಹಾಕಿದ್ದು ಜಡ್ಜಸ್ ಗಿಲ್ಡ್ ಎಂಬ ಇನ್ನೊಂದು ಸಂಸ್ಥೆ 1979ರಲ್ಲಿ ತಂದ 'ಕ್ಯಾವರ್ನ್ಸ್ ಆಫ್ ಥ್ರೇಸಿಯಾ'. ಕರ್ತೃ ಜೆನೆಲ್ ಜೇಕ್ವೇಸ್, 2024ರಲ್ಲಿ ತೀರಿಕೊಂಡರು. ಅವರ ಪಾತಾಳಕ್ಕೆ ಇಳಿಯಲು ದಾರಿ ಒಂದಲ್ಲ. ಒಂದು ಮೆಟ್ಟಿಲು ಮೂರನೆಯ ಅಂತಸ್ತಿಗೆ ನೇರವಾಗಿ ಇಳಿದರೆ, ಇನ್ನೊಂದು ಓಣಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಒಂದೇ ದಾರಿಯ ಗುಹೆಯಲ್ಲಿ ಆಟಗಾರ ಬರಿಯ ಪ್ರಯಾಣಿಕ. ಇಲ್ಲಿ ದಾರಿ ಆರಿಸುವುದೇ ಒಂದು ಆಟ.

ಗುಹೆ ಗುಹೆಯೆಂದು ಬೇಸರ ಬರುವುದೂ ಸಹಜವೇ. 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳು 'ರೇವನ್‌ಲಾಫ್ಟ್' ಬರೆದರು. ರಕ್ತ ಹೀರುವ ದೊರೆ ಸ್ಟ್ರಾಡ್ ಒಂದು ಕೋಣೆಯಲ್ಲಿ ಕುಳಿತು ಆಟಗಾರರ ದಾರಿ ಕಾಯುವುದಿಲ್ಲ. ಅವನಿಗೆ ಮನಸ್ಸಿದೆ, ಹಳೆಯ ಗಾಯವಿದೆ, ತನ್ನದೇ ಉದ್ದೇಶವಿದೆ. ಆ ಉದ್ದೇಶವೇನು, ಅವನನ್ನು ಕೊಲ್ಲಬಲ್ಲ ಖಡ್ಗವೆಲ್ಲಿ ಎಂಬುದನ್ನು ಆಟದ ಆರಂಭದಲ್ಲಿ ಎಲೆ ಹಾಕಿ ಭವಿಷ್ಯ ಹೇಳುವಾಗ ಬಂದ ಎಲೆಗಳು ನಿರ್ಧರಿಸುತ್ತವೆ. ಹೀಗೆ ಕಥೆಯೂ ಇದೆ, ಅದು ಪ್ರತಿಸಲ ಬೇರೆಯೂ ಆಗುತ್ತದೆ. ಇದನ್ನೇ ವಿಸ್ತರಿಸಿ 2016ರಲ್ಲಿ ದೊಡ್ಡ ಗ್ರಂಥವಾಗಿ ಮತ್ತೆ ತಂದರು.

ವಿಚಿತ್ರವೆಂದರೆ, ಮರುವರ್ಷವೇ ಟ್ರೇಸಿ ಹಿಕ್‌ಮನ್ನರು ಮುಂದಾಳಾಗಿದ್ದ 'ಡ್ರ್ಯಾಗನ್‌ಲ್ಯಾನ್ಸ್' ಮಾಲೆ ಎದುರು ದಿಕ್ಕಿಗೆ ನಡೆಯಿತು. ಕಾದಂಬರಿಗಳೂ ಪ್ರಸಂಗಗಳೂ ಜೊತೆಜೊತೆಯಾಗಿ, ವೀರರು ಮೊದಲೇ ಸಿದ್ಧ, ಕಥೆ ಭವ್ಯ. ಆದರೆ ಮುಂದಿನ ಭಾಗಕ್ಕೆ ಬೇಕಾದ ಪಾತ್ರ ಈ ಭಾಗದಲ್ಲೇ ಸತ್ತರೆ? ಅದಕ್ಕೊಂದು ನಿಯಮ: ಶವ ಸಿಗದ ಹಾಗೆ ಸಾಯಿಸಿರಿ, ಮುಂದೆ ಹೇಗೋ ಬದುಕಿ ಬರಬಹುದು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು, ಓದುವುದಕ್ಕೂ ಸೊಗಸು. ಆದರೆ ಇಲ್ಲಿ ಪ್ರಸಂಗಕರ್ತ ಕರ್ಣನ ಸಾವನ್ನು ಮತ್ತೆ ತನ್ನ ಕೈಗೇ ತೆಗೆದುಕೊಂಡುಬಿಟ್ಟ. ತಾಳಮದ್ದಳೆಯ ಅರ್ಥಧಾರಿಗೆ ಕೊನೆ ಗೊತ್ತು, ಒಪ್ಪಿಯೇ ಕೂರುತ್ತಾನೆ. ನೀನು ಸ್ವತಂತ್ರನೆಂದು ಹೇಳಿ ಕೂರಿಸಿದವನಿಗೆ ಹೀಗೆ ಮಾಡಿದರೆ ಅದು ಮೋಸ.

ಸೂತ್ರಧಾರ ಗಟ್ಟಿಯಾಗಿ ಓದಬೇಕಾದ ವರ್ಣನೆಯನ್ನು ಚೌಕಟ್ಟಿನಲ್ಲಿ ಅಚ್ಚುಹಾಕುವ ರೂಢಿಯೂ 1980ರ ದಶಕದ್ದೇ. ಮೂರು ವಾಕ್ಯವಾದರೆ ಉಪಕಾರ. ಅರ್ಧ ಪುಟವಾದರೆ ಆಟಗಾರರು ಚಕ್ಕುಲಿಯ ತಟ್ಟೆಯ ಕಡೆ ನೋಡುತ್ತಾರೆ. ನಾನೇ ಕಣ್ಣಾರೆ ಕಂಡಿದ್ದೇನೆ.

ಮೊನ್ನೆ ಅದೇ ಹುಡುಗ ಇನ್ನೊಂದು ಪುಸ್ತಕ ತಂದ: ಮೈಕ್ ಕಾರ್ ಬರೆದ 'ಇನ್ ಸರ್ಚ್ ಆಫ್ ದಿ ಅನ್‌ನೋನ್', ಗಡಿಕೋಟೆಯ ಪ್ರಸಂಗಕ್ಕಿಂತ ಮೊದಲು ಕಲಿಯುವವರ ಪೆಟ್ಟಿಗೆಯಲ್ಲಿದ್ದದ್ದು. ಇದರಲ್ಲಿ ಕೋಣೆಗಳ ವರ್ಣನೆ ಮಾತ್ರ ಇದೆ. ಒಳಗೆ ಯಾವ ಪ್ರಾಣಿ, ಯಾವ ನಿಧಿ ಎಂಬಲ್ಲಿ ಖಾಲಿ ಗೆರೆ. ಕೊನೆಯಲ್ಲಿ ಕೊಟ್ಟ ಪಟ್ಟಿಯಿಂದ ಆರಿಸಿ ಸೂತ್ರಧಾರನೇ ತುಂಬಿಕೊಳ್ಳಬೇಕು. ಅವನಿಗೆ ಸಿಕ್ಕಿದ್ದು ಯಾರೋ ಆಡಿ ಮಾರಿದ ಹಳೆಯ ಪ್ರತಿ. ಗೆರೆಗಳ ಮೇಲೆಲ್ಲ ಪೆನ್ಸಿಲ್ಲಿನ ಬರಹ, ದುಂಡನೆಯ ಮಕ್ಕಳ ಅಕ್ಷರ. ಒಂದು ಕೋಣೆಯಲ್ಲಿ ಬರೆದು ಅಳಿಸಿ, ಬರೆದು ಅಳಿಸಿ ಕಾಗದವೇ ತೆಳುವಾಗಿದೆ. ಅದರ ಮೇಲೆ ಮೂರನೆಯ ಸಲ ಒತ್ತಿ ಬರೆದದ್ದು ಮಾತ್ರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.