ಮಳೆಯ ಲೆಕ್ಕ ಯಾರ ಕೈಲಿ?

ಪುಣೆಯಲ್ಲಿರುವ ಕನ್ನಡಿಗರಿಗೆ ಶಿವಾಜಿನಗರದ ‘ಸಿಮ್ಲಾ ಆಫೀಸ್’ ಗೊತ್ತಿರುತ್ತದೆ. ಪುಣೆಗೂ ಸಿಮ್ಲಾಕ್ಕೂ ಏನು ನಂಟು ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಮಳೆಯ ಚರಿತ್ರೆ. 1928ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ಅದು ದೆಹಲಿಗೆ ಹೋದರೂ ಹೆಸರು ಇಲ್ಲೇ ಉಳಿಯಿತು.

ಇಲಾಖೆ ಹುಟ್ಟಿದ್ದು 1875ರಲ್ಲಿ. 1864ರಲ್ಲಿ ಕಲ್ಕತ್ತಾಕ್ಕೆ ಚಂಡಮಾರುತ ಬಡಿದಿತ್ತು; 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತ್ತು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಮಳೆ ಅಳೆಯುವುದು ಬಹುಪಾಲು ಸರ್ಕಾರದ ಕೆಲಸವಾಗಿಯೇ ಇತ್ತು.

ಇದು ಬದಲಾದದ್ದು ಬೆಳೆವಿಮೆಯಿಂದ. 2003ರಲ್ಲಿ ಐಸಿಐಸಿಐ ಲೊಂಬಾರ್ಡ್ ಮತ್ತು ಬೇಸಿಕ್ಸ್ ಸಂಸ್ಥೆಗಳು ಆಗಿನ ಆಂಧ್ರದ ಮೆಹಬೂಬ್‌ನಗರದಲ್ಲಿ ಮಳೆ ಆಧಾರಿತ ವಿಮೆಯ ಪ್ರಯೋಗ ನಡೆಸಿದವು. ಅದೇ ವರ್ಷ ಸ್ಕೈಮೆಟ್ ಎಂಬ ಖಾಸಗಿ ಹವಾಮಾನ ಕಂಪನಿ ಶುರುವಾಯಿತು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆವಿಮೆ ಕರ್ನಾಟಕದ ಹೋಬಳಿಗಳಿಗೂ ಬಂತು. ಈ ವಿಮೆಯಲ್ಲಿ ಯಾರೂ ಹೊಲಕ್ಕೆ ಬಂದು ಬೆಳೆ ನೋಡುವುದಿಲ್ಲ. ಮಳೆಮಾಪಕದ ಅಂಕಿ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಆದರೆ ಮಾಪಕ ಇರುವ ಊರಲ್ಲಿ ಸುರಿದ ಮಳೆ ಪಕ್ಕದ ಊರಲ್ಲಿ ಸುರಿಯಬೇಕೆಂದಿಲ್ಲ. ಹಾಗಾಗಿ ಹೆಚ್ಚು ಮಾಪಕಗಳು ಬೇಕಾದವು.

ಅವನ್ನು ಹಾಕುವವರು ಯಾರು? ಮಹಾರಾಷ್ಟ್ರ 2017ರಲ್ಲಿ ‘ಮಹಾವೇಧ್’ ಯೋಜನೆಯಡಿ ಸ್ಕೈಮೆಟ್ ಜೊತೆ ಕೈಜೋಡಿಸಿತು. ಜಾಗ ಸರ್ಕಾರದ್ದು, ಯಂತ್ರ ಮತ್ತು ನಿರ್ವಹಣೆ ಕಂಪನಿಯದು. ಕಂದಾಯ ವೃತ್ತಕ್ಕೊಂದರಂತೆ 2,000ಕ್ಕೂ ಹೆಚ್ಚು ಸ್ವಯಂಚಾಲಿತ ಕೇಂದ್ರಗಳು. ಮಾಹಿತಿ ಸರ್ಕಾರಕ್ಕೆ ಸಿಗುತ್ತದೆ, ಅದನ್ನು ಮಾರುವ ಅವಕಾಶ ಕಂಪನಿಗೆ. ಕರ್ನಾಟಕ ಬೇರೆ ದಾರಿ ಹಿಡಿಯಿತು. 1988ರಲ್ಲಿ ಬರ ನಿರ್ವಹಣೆಗೆಂದು ಶುರುವಾದ ಸರ್ಕಾರಿ ಘಟಕ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ಕಟ್ಟಿತು. ರೈತರು ‘ವರುಣ ಮಿತ್ರ’ಕ್ಕೆ ಫೋನು ಮಾಡಿ ಮಳೆಯ ಮುನ್ಸೂಚನೆ ಕೇಳಬಹುದು.

ಖಾಸಗಿಯವರು ಬೇಡವೆಂಬುದು ನನ್ನ ವಾದವಲ್ಲ. ಬೊಕ್ಕಸದಿಂದ ದೊಡ್ಡ ಬಂಡವಾಳ ಹಾಕದೆ ಸಾವಿರಾರು ಮಾಪಕಗಳು ಬಂದದ್ದು ಸಣ್ಣ ಮಾತಲ್ಲ. ಆದರೆ ಮಳೆಯ ಅಂಕಿ ಈಗ ಬರೀ ಸುದ್ದಿಯಲ್ಲ, ತಕ್ಕಡಿ. ಅಂಕಿಯನ್ನು ಕೊಳ್ಳುವವರಲ್ಲಿ ಪರಿಹಾರ ಕೊಡಬೇಕಾದ ವಿಮಾ ಕಂಪನಿಗಳೂ ಇರುವಾಗ, ರೈತನಿಗೂ ಆ ಅಂಕಿ ದುಡ್ಡಿಲ್ಲದೆ ಕಾಣಬೇಕು.

ಇನ್ನೊಂದು ಮಾತು. ಒಂದು ಊರಿನ ‘ವಾಡಿಕೆ ಮಳೆ’ ತಿಳಿಯಲು 30 ವರ್ಷದ ದಾಖಲೆ ಬೇಕು. ಇಲಾಖೆಯ ಕಚೇರಿ ಊರೂರು ಬದಲಿಸಿದರೂ ಅದರ ದಾಖಲೆ ಮುಂದುವರಿಯಿತು. ಒಪ್ಪಂದಗಳ ಆಯಸ್ಸು ಅಷ್ಟಿರುವುದಿಲ್ಲ. ಅವು ಮುಗಿದ ಮೇಲೂ ಅಂಕಿಗಳು ಜನರ ಬಳಿ ಉಳಿಯಬೇಕೆಂದು ಮೊದಲೇ ಬರೆದಿಡುವುದು ಒಳ್ಳೆಯದು.